ಹುಟ್ಟಿದ ಮೇಲೆ ಹೊಲಿಯುವ ಹೊದಿಕೆ

ನಮ್ಮ ಆಲೆಟ್ಟಿಯಲ್ಲಿ ಚಳಿಗಾಲ ಪಂಚಾಂಗ ನೋಡಿ ಬರುವುದಿಲ್ಲ. ಬಚ್ಚಲಿನ ಕಿಟಕಿಯಲ್ಲಿಟ್ಟ ತೆಂಗಿನೆಣ್ಣೆಯ ಬಾಟಲಿಯನ್ನು ಒಂದು ದಿನ ಬೆಳಿಗ್ಗೆ ಬೋರಲು ಹಿಡಿದರೂ ಒಂದು ಹನಿ ಇಳಿಯದಿದ್ದರೆ ಚಳಿ ಬಂತು ಎಂದು ಅರ್ಥ. ದೀಪಾವಳಿ ಮುಗಿದರೂ ಮಳೆ ಬಿಡದ ಈಚಿನ ವರ್ಷಗಳಲ್ಲಿ ನಂಬಬಹುದಾದ ಲಕ್ಷಣ ಇದೊಂದೇ. ಎಣ್ಣೆ ಗಟ್ಟಿಯಾದ ದಿನ ನಮ್ಮ ನೆರೆಮನೆಯ ಪೂವಮ್ಮ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸುತ್ತಾರೆ. ಇಳಿಸುವವರು ನಿಜಕ್ಕೂ ಅವರ ಗಂಡ ಬೋಜಪ್ಪ. ಇಳಿಸಿದ ಪುಣ್ಯ ಮಾತ್ರ ಪೂವಮ್ಮನದು.

ಪೆಟ್ಟಿಗೆ ಇಳಿಯಿತೆಂದರೆ ಅವರ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೇಸಿಗೆಯಲ್ಲಿ ಬಿಡಿಸಿಟ್ಟ ಬೂರುಗದ ಹತ್ತಿ ಅರ್ಧ ತಲೆದಿಂಬಿನ ಚೀಲಕ್ಕೂ ಅರ್ಧ ಬೋಜಪ್ಪನ ಮೀಸೆಗೂ ಹೋಗುತ್ತದೆ. ಒಳಗೆ ಒಲೆಯ ಮೇಲೆ ಪುನರ್ಪುಳಿ ಬೀಜದ ಪುಡಿ ನೀರಿನಲ್ಲಿ ಕುದಿಯುತ್ತಿರುತ್ತದೆ. ಮೇಲೆ ತೇಲಿದ ತುಪ್ಪವನ್ನು ಸೌಟಿನಿಂದ ತೆಗೆದು, ಆರಿದ ಮೇಲೆ ಉಂಡೆ ಕಟ್ಟಿ ಇಡುತ್ತಾರೆ. ಹಿಮ್ಮಡಿ ಒಡೆದವರಿಗೂ ತುಟಿ ಒಡೆದವರಿಗೂ ಅದೇ ಮದ್ದು. ಪುತ್ತೂರಿನ ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವುದನ್ನು ನಾನೂ ಒಂದು ವರ್ಷ ಹಚ್ಚಿ ನೋಡಿದ್ದೆ. ಪರಿಮಳ ಉಳಿಯಿತು, ಬಿರುಕೂ ಉಳಿಯಿತು. ಇನ್ನು ಕಷಾಯದ ಪುಡಿಗೆ ಅವರು ಕಾಳುಮೆಣಸು, ಒಣಶುಂಠಿ ಹುರಿಯಲು ಶುರುಮಾಡಿದರೆ ಬೇಲಿಯ ಈಚೆ ನಾನು ಸೀನುತ್ತೇನೆ. ಸೀನು ಕೇಳಿದ ಕೂಡಲೇ ಪೂವಮ್ಮ ಆಚೆಯಿಂದ, ದೇವಕಿಯಕ್ಕನಿಗೆ ಶೀತ, ಒಂದು ಡಬ್ಬಿ ಅವರಿಗೂ ಇಡಬೇಕು ಎಂದು ಗಂಡನಿಗೆ ಹೇಳುತ್ತಾರೆ. ಶೀತ ಬರಿಸಿದ್ದೇ ಅವರು.

ಇದೆಲ್ಲ ಬದಿಯ ಕೆಲಸ. ಪೂವಮ್ಮನ ಹೆಸರು ನಿಂತಿರುವುದು ಹೊದಿಕೆಯ ಮೇಲೆ. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮೂಲೆಗೆ ಬೋಜಪ್ಪನ ಲಾರಿ ಕಾಲದ ಸ್ಪಾನರುಗಳನ್ನು ಭಾರಕ್ಕಿಟ್ಟು, ನಡುವಿನಿಂದ ಅಂಚಿಗೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಬಯಲುಸೀಮೆಯವರು ಇದನ್ನು ಕೌದಿ ಎನ್ನುತ್ತಾರಂತೆ. ನಮ್ಮಲ್ಲಿ ಅಂಥ ಹೆಸರಿನ ಗೌರವವೇನಿಲ್ಲ, ಸೀರೆಯ ಹೊದಿಕೆ ಅಷ್ಟೆ. ಗಂಟು ಯಾವುದೂ ಹೊರಗೆ ಕಾಣಬಾರದು, ಪದರದ ಒಳಗೆ ಅಡಗಬೇಕು. ಒಬ್ಬರು ಹಿಡಿದ ಹೊದಿಕೆಗೆ ಇನ್ನೊಬ್ಬರು ಸೂಜಿ ಹಾಕಬಾರದು. ಒಮ್ಮೆ ನಾನು ಉಪಕಾರ ಮಾಡುವ ಉಮೇದಿನಲ್ಲಿ ಒಂದು ಗೇಣು ಹೊಲಿದಿದ್ದೆ. ಪೂವಮ್ಮ ಬಾಯಲ್ಲಿ ಏನೂ ಹೇಳಲಿಲ್ಲ. ಮರುದಿನ ನೋಡಿದರೆ ಆ ಒಂದು ಗೇಣು ಬಿಚ್ಚಿ ಪುನಃ ಹೊಲಿದಾಗಿತ್ತು.

ಅವರ ತವರು ಸಂಪಾಜೆ. ಘಟ್ಟದ ಬುಡದ ಚಳಿಯಲ್ಲೇ ಬೆಳೆದವರು. ಮದುವೆಯಾಗಿ ಬಂದಾಗ ಬೋಜಪ್ಪ ಮಡಿಕೇರಿಯ ಕಡೆಗೆ ಲಾರಿ ಓಡಿಸುತ್ತಿದ್ದರು. ವಾರದಲ್ಲಿ ಎರಡು ಸಲ ಘಾಟಿಯ ಮೇಲೆ ಲಾರಿಯೊಳಗೇ ಮಲಗಿ, ಕೆಮ್ಮುತ್ತಾ ಮನೆಗೆ ಬರುತ್ತಿದ್ದರು. ಹೊಸ ಮದುಮಗಳು ಅತ್ತೆಯ ಹತ್ತಿರ ಕೇಳಿ ಕಲಿತು, ತನ್ನದೇ ಎರಡು ಸೀರೆ ಕೊಟ್ಟು ಗಂಡನಿಗೊಂದು ಹೊದಿಕೆ ಹೊಲಿದರು. ಆಗ ಆಕೆಗೆ ಇದ್ದದ್ದೇ ನಾಲ್ಕು ಸೀರೆ. ಆ ಹೊದಿಕೆ ನೋಡಿದ ಬೇರೆ ಡ್ರೈವರುಗಳು ತಮಗೂ ಬೇಕೆಂದರು. ಹಾಗೆ ಶುರುವಾದದ್ದು ಇವತ್ತಿನವರೆಗೂ ನಿಂತಿಲ್ಲ. ಈಗ ಮೊಬೈಲಿನಲ್ಲಿ ಬೆರಳೊತ್ತಿದರೆ ನಾಯಿಮರಿಯ ಮೈಯಂಥ ನಯದ ಹೊದಿಕೆ ಮನೆ ಬಾಗಿಲಿಗೆ ಬರುತ್ತದೆ. ತರಿಸಿದವರೂ ಒಂದು ಚಳಿಗಾಲ ಹೊದ್ದು, ಬೆವರಿ, ಪುನಃ ಹಳೆ ಸೀರೆ ಹಿಡಿದುಕೊಂಡು ಪೂವಮ್ಮನ ಮೆಟ್ಟಿಲು ಹತ್ತುತ್ತಾರೆ.

ಕೂಸುಗಳ ಹೊದಿಕೆಯ ವಿಷಯದಲ್ಲಿ ಅವರದ್ದು ಬೇರೆಯೇ ಕಟ್ಟುನಿಟ್ಟು. ನಮ್ಮ ಕಡೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯರು ಉಟ್ಟು ಹಳತಾದದ್ದು, ಇಲ್ಲವೇ ಮೊದಲು ಹುಟ್ಟಿದ ಮಗು ಹೊದ್ದು ಬಿಟ್ಟದ್ದು ಹಾಕಬೇಕು. ದೊಡ್ಡವರ ಆಯುಷ್ಯ ಸಣ್ಣವರಿಗೆ ಬರಲಿ ಎಂದು. ಮಗು ಹುಟ್ಟಿದ ಸುದ್ದಿ ಬಂದ ಮೇಲೆಯೇ ಪೂವಮ್ಮ ಕತ್ತರಿ ಹಿಡಿಯುವುದು, ತೊಟ್ಟಿಲಿಗೆ ಹಾಕುವ ದಿನದೊಳಗೆ ಮುಗಿಸಿ ಕೊಡುವುದು. ಅದಕ್ಕಿಂತ ಮೊದಲು ಒಂದು ಎಳೆ ನೂಲನ್ನೂ ಸೂಜಿಗೆ ಏರಿಸುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಾವೆಲ್ಲ ಆತುರಗಾರರನ್ನು ಹಾಸ್ಯ ಮಾಡಲು ಹೇಳುತ್ತೇವೆ. ಪೂವಮ್ಮನಿಗೆ ಅದು ಹಾಸ್ಯವಲ್ಲ. ಬಾರದೆ ಇದ್ದದ್ದಕ್ಕೆ ಬಟ್ಟೆ ಮಾಡಿಟ್ಟರೆ ಬರುವುದು ದಾರಿಯಲ್ಲೇ ನಿಲ್ಲುತ್ತದೆ ಎಂದು ಅವರು ನಿಜವಾಗಿಯೂ ನಂಬಿದವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ನಾಲ್ಕನೆಯದನ್ನು ತೋರಿಸಲು ಹೋದವರಿಗೆ ಊಟವಿಲ್ಲ.

ಅವರ ಒಬ್ಬನೇ ಮಗ ಉಲ್ಲಾಸ್, ಸುಳ್ಯದಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಸೊಸೆ ಭವಿತಾ ಕೂಡ ಸಂಪಾಜೆಯ ಹುಡುಗಿ. ಸುಳ್ಯದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ, ಆದರೆ ಆಡಿದ್ದನ್ನು ತಿರುಗಿಸಿ ನುಂಗುವ ಅಭ್ಯಾಸವಿಲ್ಲ. ಅತ್ತೆ ಸೊಸೆಯರಿಗೆ ಚೆನ್ನಾಗಿಯೇ ಇತ್ತು.

ಮೂರು ವರ್ಷದ ಹಿಂದೆ ಭವಿತಾ ಬಸುರಿಯಾದಳು. ಏಳನೇ ತಿಂಗಳಿನಲ್ಲಿ ಬಯಕೆ ಶಾಸ್ತ್ರ ಆಯಿತು. ಪೂವಮ್ಮ ತಾನೇ ಸುಳ್ಯಕ್ಕೆ ಹೋಗಿ, ಮೂರು ಅಂಗಡಿ ಹತ್ತಿ ಇಳಿದು, ಹಸಿರು ನೂಲಿನ ಸೀರೆ ತಂದು ಉಡಿಸಿದರು. ಹೊಟ್ಟೆಗೆ ತಂಪು, ರೇಷ್ಮೆ ಚುಚ್ಚುತ್ತದೆ ಎಂದು ನೂಲಿನದೇ ಹುಡುಕಿದ್ದು. ಕೈತುಂಬ ಬಳೆ, ತಲೆತುಂಬ ಮಲ್ಲಿಗೆ, ತಟ್ಟೆತುಂಬ ತಿಂಡಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದ್ದರಿಂದ ಆ ದಿನವೇ ಸಂಪಾಜೆಗೆ ಕಳುಹಿಸಿಕೊಟ್ಟರು. ದಿನ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಮಗು ಅಲುಗುತ್ತಿಲ್ಲ ಎಂದು ಭವಿತಾ ಹೇಳಿದಳಂತೆ. ಆಸ್ಪತ್ರೆಗೆ ಹೋಗುವಾಗಲೇ ಎಲ್ಲ ಮುಗಿದಿತ್ತು. ಹೆಣ್ಣು ಮಗು. ಉಲ್ಲಾಸ್ ಅದನ್ನು ಆಸ್ಪತ್ರೆಯವರು ಸುತ್ತಿಕೊಟ್ಟ ಬಟ್ಟೆಯಲ್ಲೇ ಎತ್ತಿಕೊಂಡು ಊರಿಗೆ ಬಂದ. ಸಂಜೆಯೊಳಗೆ ಮನೆಯ ಹಿಂದಿನ ಗುಡ್ಡೆಯ ಗೇರುಮರದ ಅಡಿಯಲ್ಲಿ ಅಪ್ಪ ಮಗ ಸೇರಿ ಮಣ್ಣು ಮಾಡಿದರು. ಅಂಥ ಮಗುವಿಗೆ ಹೆಸರಿಲ್ಲ, ಸೂತಕವಿಲ್ಲ, ಯಾವ ಶಾಸ್ತ್ರವೂ ಇಲ್ಲ. ಕ್ರಮ ಹಾಗೆ.

ಭವಿತಾ ಹಿಂದೆ ಬರುವುದರೊಳಗೆ ಪೂವಮ್ಮ ಬಯಕೆಯ ಸೀರೆ, ಬಳೆ ಎಲ್ಲವನ್ನೂ ಸಂಪಾಜೆಯಿಂದ ತರಿಸಿ ಕಣ್ಣಿಗೆ ಕಾಣದಂತೆ ಮಾಡಿದ್ದರು. ಮನೆಯಲ್ಲಿ ಯಾರೂ ಆ ವಿಷಯ ಎತ್ತಬಾರದು, ಹುಡುಗಿಯನ್ನು ಅಳಿಸಬಾರದು ಎಂದು ಕಟ್ಟಪ್ಪಣೆ. ನನಗೂ ಹೇಳಿದ್ದರು. ಮರೆತರೆ ಬೇಗ ಗುಣವಾಗುತ್ತಾಳೆ, ಇನ್ನೊಂದು ಆದರೆ ಎಲ್ಲ ಸರಿಹೋಗುತ್ತದೆ ಎಂದು ಅವರ ಎಣಿಕೆ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮನೆಗೆ ಹೋದಾಗಲೆಲ್ಲ ನನಗೆ ಬಾಯಿಗೆ ಬಟ್ಟೆ ತುರುಕಿದ ಹಾಗೆ ಆಗುತ್ತಿತ್ತು. ನನಗೇ ಹಾಗಾದರೆ ಹೆತ್ತವಳಿಗೆ ಹೇಗಾಗುತ್ತಿತ್ತೋ.

ಕಳೆದ ವರ್ಷ ಭವಿತಾ ಪುನಃ ಬಸುರಿಯಾದಳು. ಚಳಿಗಾಲದಲ್ಲಿ ಹೆರಿಗೆ. ಪೂವಮ್ಮ ಕಾಲು ನೆಲಕ್ಕಿಡುತ್ತಿರಲಿಲ್ಲ. ಏಳು ತಿಂಗಳಾಗುತ್ತಲೇ ನನ್ನನ್ನು ಕರೆದು ಕೂರಿಸಿ, ಬರುವ ಆದಿತ್ಯವಾರ ಬಯಕೆ ಇಟ್ಟುಕೊಂಡಿದ್ದೇವೆ, ನೀವು ಹೋಳಿಗೆ ಮಾಡಲಿಕ್ಕೆ ಬರಬೇಕು ಎಂದರು. ನನಗೆ ಒಮ್ಮೆ ಕಸಿವಿಸಿಯಾಯಿತು. ಬಯಕೆ ಮಾಡುವುದು ಮೊದಲ ಬಸಿರಿಗೆ ಮಾತ್ರ. ಎರಡನೆಯದಕ್ಕೆ ಯಾರೂ ಮಾಡುವುದಿಲ್ಲ. ಭವಿತಾ ಅಲ್ಲೇ ಮೊರದಲ್ಲಿ ಅಕ್ಕಿ ಹಿಡಿದು ಕಲ್ಲು ಹೆಕ್ಕುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ನನ್ನ ಬಯಕೆ ಆಗಿದೆ ಅತ್ತೆ."

"ಅದು ಲೆಕ್ಕಕ್ಕಿಲ್ಲ ಮಗಾ. ಇದೇ ಮೊದಲಿನದ್ದು ಅಂತ ಮಾಡುದು."

"ಯಾರ ಲೆಕ್ಕಕ್ಕಿಲ್ಲ?"

ಪೂವಮ್ಮ ನನ್ನ ಮುಖ ನೋಡಿದರು. ನಾನು ಮೊರ ನೋಡಿದೆ. ಭವಿತಾ ಅಕ್ಕಿ ಒಳಗಿಟ್ಟು ಬಂದು, ಬಯಕೆ ಬೇಡ, ಸಂಪಾಜೆಗೂ ಹೋಗುವುದಿಲ್ಲ, ಎರಡನೇ ಹೆರಿಗೆ ಗಂಡನ ಮನೆಯಲ್ಲಾದರೆ ತಪ್ಪಿಲ್ಲ ಎಂದು ನೀವೇ ಹೇಳಿಕೊಟ್ಟ ಕ್ರಮ ಎಂದಳು. ಅತ್ತೆಯ ಹಗ್ಗದಿಂದಲೇ ಅತ್ತೆಯನ್ನು ಕಟ್ಟಿಹಾಕಿದಳು. ಪೂವಮ್ಮನಿಗೆ ಬಂದ ಕೋಪ ನೋಡಬೇಕಿತ್ತು. ಆದರೆ ಬಸುರಿಯ ಮೇಲೆ ಕೂಗುವ ಹಾಗಿಲ್ಲವಲ್ಲ, ಅದಕ್ಕೆ ಬೋಜಪ್ಪನ ಮೇಲೆ ಕೂಗಿದರು. ಅಂಗಳದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಆ ಮನುಷ್ಯನಿಗೆ ತಾನೇನು ತಪ್ಪು ಮಾಡಿದೆ ಎಂದು ಇವತ್ತಿಗೂ ಗೊತ್ತಿರಲಾರದು.

ಬಯಕೆ ನಡೆಯಲಿಲ್ಲ. ಅತ್ತೆ ಸೊಸೆಯ ನಡುವೆ ಬೇಕಾದಷ್ಟೇ ಮಾತು ಉಳಿಯಿತು. ಭವಿತಾಳ ರಕ್ತದೊತ್ತಡ ಸ್ವಲ್ಪ ಏರಿದೆ, ಜಾಗ್ರತೆ ಬೇಕು ಎಂದು ಡಾಕ್ಟರು ಹೇಳಿದರು. ಅಂದಿನಿಂದ ಪೂವಮ್ಮ ದಿನಕ್ಕೆ ಹತ್ತು ಸಲ ಅವಳ ಮುಖ ನೋಡಿ ಹೋಗುತ್ತಿದ್ದರು. ಕೇಳಲು ಧೈರ್ಯ ಸಾಲದು. ಮಗು ಅಲುಗುತ್ತಿದೆಯೋ ಎಂದು ಕೇಳುವ ಕೆಲಸ ನನಗೆ ಬಂತು. ನಾನು ಕೇಳುತ್ತಿದ್ದೆ, ಅವರು ಬಾಗಿಲ ಮರೆಯಲ್ಲಿ ನಿಂತು ಉತ್ತರ ಕೇಳಿಸಿಕೊಳ್ಳುತ್ತಿದ್ದರು.

ತುಳಸಿ ಪೂಜೆ ಕಳೆದು ಎಣ್ಣೆ ಗಟ್ಟಿಯಾಯಿತು. ಪೆಟ್ಟಿಗೆ ಇಳಿಯಿತು. ಎಂದಿನಂತೆ ಊರವರ ಸೀರೆಗಳೂ ಬಂದು ಬಿದ್ದವು. ನಾನೂ ನನ್ನ ಎರಡು ಹಳೆ ಸೀರೆ ಹಿಡಿದುಕೊಂಡು ಹೋದೆ. ಮೆಟ್ಟಿಲ ಮೇಲೆ ಪೂವಮ್ಮ ಕೂತಿದ್ದರು, ಕೈಯಲ್ಲಿ ಸಣ್ಣ ಕತ್ತರಿ. ಮಡಿಲಲ್ಲಿ ಅಂಗೈಯಗಲದ ಬಟ್ಟೆ. ಹತ್ತಿರ ಹೋದಾಗ ಗೊತ್ತಾಯಿತು, ಅದು ಕುಲಾವಿ. ಅವರು ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಭವಿತಾ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಅತ್ತೆ ಗದ್ದೆಯ ಕಡೆ ಹೋದ ಹೊತ್ತಿನಲ್ಲಿ ಪೆಟ್ಟಿಗೆಯ ಚಿಂದಿಯಿಂದ ಅವಳೇ ಹೊಲಿದು, ತಲೆದಿಂಬಿನ ಕೆಳಗೆ ಇಟ್ಟಿದ್ದಳಂತೆ. ಪೂವಮ್ಮ ಹಾಸಿಗೆ ಕೊಡವಲು ಹೋದಾಗ ಸಿಕ್ಕಿದೆ.

ಇನ್ನು ಬೈಗುಳದ ಮಳೆಯೇ ಎಂದು ನಾನು ಹಿಂದೆ ಸರಿದೆ. ಬೈಗುಳವಿರಲಿಲ್ಲ. ಪೂವಮ್ಮ ಬೇಡಿಕೊಳ್ಳುವ ದನಿಯಲ್ಲಿ ಹೇಳುತ್ತಿದ್ದರು, ಇನ್ನು ಸ್ವಲ್ಪ ದಿನ ಮಗಾ, ಬರಲಿ, ಬಂದ ಮೇಲೆ ನೂರು ಹೊಲಿಯುವ, ಈಗ ಬೇಡ, ಈಗ ಬೇಡ.

ಆಗ ಭವಿತಾ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೆಯೇ ಉಂಟು.

"ಮೊದಲಿನದಕ್ಕೆ ನೀವು ಹೇಳಿದ ಹಾಗೇ ಎಂತದೂ ಹೊಲಿಯಲಿಲ್ಲ ಅತ್ತೆ. ಒಂದು ನೂಲೂ ಇಲ್ಲ. ಆದ್ರೂ ಅದು ಉಳಿಯಲಿಲ್ಲ. ಹೋಗುವಾಗ ಅದರ ಮೈಮೇಲೆ ಮನೆಯದ್ದೊಂದು ತುಂಡು ಬಟ್ಟೆ ಇರ್ಲಿಲ್ಲ. ಊರಿಗೆಲ್ಲ ಹೊದಿಸುವ ಮನೆ ನಮ್ಮದು."

ಕಂಬ ಬಿಟ್ಟು ನೇರ ನಿಂತು, "ನನಗೆ ಈಗ ಹೊಟ್ಟೆಯಲ್ಲಿರುವುದರ ಹೆದರಿಕೆ ಉಂಟು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಇದು ಬಂದ ಮೇಲೆ ಅದು ಇರಲೇ ಇಲ್ಲ ಅಂತ ನೀವೆಲ್ಲ ಮಾಡಿಬಿಡ್ತೀರಿ" ಎಂದಳು. ಒಳಗೆ ಹೋದಳು.

ಕತ್ತರಿ ಪೂವಮ್ಮನ ಕೈಯಿಂದ ಜಾರಿತು. ನಾನು ಎತ್ತಿ ಬದಿಗಿಟ್ಟೆ. ನನಗೆ ಬಾಯಿ ಕಟ್ಟಿದ್ದು ನಮ್ಮ ಯಜಮಾನರಿಗೆ ಗೊತ್ತಾದರೆ ಸುಳ್ಳು ಎಂದಾರು.

ಅವತ್ತಿನಿಂದ ಪೂವಮ್ಮ ಸೂಜಿ ಮುಟ್ಟಲಿಲ್ಲ. ಘಟ್ಟದ ಗಾಳಿ ಬೀಸಲು ಶುರುವಾಗಿತ್ತು. ಹೊದಿಕೆ ಆಯಿತಾ ಎಂದು ಕೇಳಲು ಬಂದವರಿಗೆಲ್ಲ ಬೆನ್ನುನೋವು ಎಂದು ಬೋಜಪ್ಪ ಸುಳ್ಳು ಹೇಳಿ ಕಳುಹಿಸುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಪೂವಮ್ಮ ನಮ್ಮ ಅಡುಗೆಮನೆಗೆ ಬಂದು ಕೂತು, ಈಗಿನ ಹುಡುಗಿಯರನ್ನು, ಮೊಬೈಲನ್ನು, ಮಳೆಯನ್ನು, ಕಡೆಗೆ ನಮ್ಮ ಬೆಕ್ಕನ್ನೂ ಬೈಯುತ್ತಿದ್ದರು. ಬೈಯಲು ಏನೂ ಉಳಿಯದ ಒಂದು ದಿನ ಅಸಲು ಮಾತು ಬಂತು. ಆ ದಿನ ಆಸ್ಪತ್ರೆಯಿಂದ ಉಲ್ಲಾಸ್ ಮಗುವನ್ನು ತಂದು ಅಂಗಳದಲ್ಲಿ ನಿಂತಾಗ ಅವರು ಪೆಟ್ಟಿಗೆ ತೆರೆದಿದ್ದರಂತೆ. ತನ್ನ ಅತ್ತೆಯ ಹಳೆಯ ಸೀರೆ, ಬೆಣ್ಣೆಯ ಹಾಗೆ ಮೆತ್ತಗಾದದ್ದು, ಕೈಗೆ ಬಂದಿತ್ತು. ಆದರೆ ಮನೆಯ ಬಟ್ಟೆ ಆ ಮಗುವಿನ ಜೊತೆ ಮಣ್ಣಿಗೆ ಹೋದರೆ ಮುಂದಿನದನ್ನೂ ಅದು ಕರೆದುಕೊಳ್ಳುತ್ತದೆ ಎಂಬ ಮಾತು ಎಲ್ಲಿಯೋ ಕೇಳಿದ್ದು ನೆನಪಾಯಿತು.

"ಕೈಗೆತ್ತಿಕೊಂಡಿದ್ದೆ ದೇವಕಿಯಕ್ಕ. ಪುನಃ ಒಳಗಿಟ್ಟೆ" ಎಂದರು. "ಅದರ ಮುಖ ಸಹ ನಾನು ನೋಡಿದ್ದೇನೆ. ಉಲ್ಲಾಸನದ್ದೇ ಮೂಗು. ಯಾರಿಗೂ ಹೇಳಲಿಲ್ಲ."

ಅತ್ತರು. ನಾನೂ ಅತ್ತೆ. ಆಮೇಲೆ ಕಾಫಿ ಮಾಡಿದೆ. ಪೂವಮ್ಮ ಹೋಗುವಾಗ ನಾನು ಒಂದೇ ಮಾತು ಹೇಳಿದೆ, ಇದನ್ನು ಹೇಳಬೇಕಾದದ್ದು ನನಗಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಬರೀ ಮಾತಿನಿಂದ ಆಗುವುದಲ್ಲ ಅದು ಎಂದು ಇಳಿದು ಹೋದರು.

ಎರಡು ದಿನ ಕಳೆದು ಬೆಳಿಗ್ಗೆ ನಾನು ಹೂ ಕೊಯ್ಯುವಾಗ ಅವರ ಚಾವಡಿಯಲ್ಲಿ ಹಸಿರು ಹಾಸಿದ್ದು ಕಂಡಿತು. ಬೇಲಿಯ ದಣಪೆ ದಾಟಿ ಹೋದೆ. ಸೊಸೆಯ ಬಯಕೆಯ ಸೀರೆ. ಒಂದೇ ಸಲ ಉಟ್ಟದ್ದು. ಅದರ ಅರ್ಧವನ್ನು ಕತ್ತರಿಸಿ ಹಾಸಿ, ಒಳಪದರಕ್ಕೆ ತನ್ನ ಅತ್ತೆಯ ಆ ಹಳೆಯ ಸೀರೆ ಇಟ್ಟು, ಮೂಲೆಗೆ ಸ್ಪಾನರು ಇಡುತ್ತಿದ್ದರು ಪೂವಮ್ಮ. ಅಳತೆ ನೋಡಿದರೆ ಕೂಸಿನ ಹೊದಿಕೆ. ಇಷ್ಟು ವರ್ಷ ಇವರ ಬಾಯಲ್ಲಿ ಕೇಳಿ ಕೇಳಿ ನನಗೂ ಆ ನಂಬಿಕೆ ಹತ್ತಿಬಿಟ್ಟಿತ್ತು.

"ಎಂತ ಪೂವಮ್ಮ ಇದು? ಹುಟ್ಟುವ ಮೊದಲು?"

"ಇದು ಹುಟ್ಟಬೇಕಾದದ್ದಕ್ಕೆ ಅಲ್ಲ" ಎಂದರು. "ಹುಟ್ಟಿದ್ದಕ್ಕೆ. ಹುಟ್ಟಿದ ಮೇಲೆ ಹೊಲಿಯುದು ನನ್ನ ಕ್ರಮ. ಎರಡು ವರ್ಷ ತಡ ಆಯಿತು, ಅಷ್ಟೆ."

ಭವಿತಾ ಒಳಗಿನಿಂದ ಚಹಾದ ಲೋಟ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ತನ್ನ ಸೀರೆಯ ಗುರುತು ಸಿಗಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಪೂವಮ್ಮ ತಲೆಯೆತ್ತದೆ, ನಿನ್ನ ದೊಡ್ಡವಳಿಗೆ ಇದು, ಸೀರೆ ಕೇಳದೆ ಕತ್ತರಿಸಿದೆ, ಬೇಜಾರು ಮಾಡಬೇಡ ಎಂದರು. ಆಮೇಲೆ ಅಂದು ನನ್ನ ಅಡುಗೆಮನೆಯಲ್ಲಿ ಹೇಳಿದ್ದೆಲ್ಲವನ್ನೂ ಹೇಳಿದರು, ಪೆಟ್ಟಿಗೆ ತೆರೆದದ್ದು, ಮುಚ್ಚಿದ್ದು, ಮೂಗು. ಹೊಲಿಯುತ್ತಲೇ ಹೇಳಿದರು, ಒಂದು ಸಲವೂ ಸೊಸೆಯ ಮುಖ ನೋಡಲಿಲ್ಲ. ಭವಿತಾ ಲೋಟ ಕೆಳಗಿಟ್ಟು, ಗೋಡೆ ಹಿಡಿದು ನಿಧಾನ ಕೂತು, ಆಚೆಯ ಅಂಚನ್ನು ಎಳೆದುಕೊಂಡಳು. ಸೂಜಿಗೆ ಕೈ ಚಾಚಿದಳು. ಪೂವಮ್ಮ ತನ್ನ ಎದೆಯ ಸೆರಗಿಗೆ ಚುಚ್ಚಿಕೊಂಡಿದ್ದ ಇನ್ನೊಂದು ಸೂಜಿ ತೆಗೆದು ಕೊಟ್ಟರು.

ಭವಿತಾಳ ಹೊಲಿಗೆ ಕುಂಟಿದ ಕೋಳಿಯ ಹೆಜ್ಜೆ. ಒಂದು ಉದ್ದ, ಒಂದು ಗಿಡ್ಡ. ಗಂಟುಗಳೂ ಹೊರಗೆ. ನಾನು ಕಾದು ನೋಡಿದೆ, ಪೂವಮ್ಮ ಒಂದನ್ನೂ ಬಿಚ್ಚಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೊದಿಕೆ ಮುಗಿಯಿತು. ಅತ್ತೆ ಸೊಸೆ ಇಬ್ಬರೂ ಅದನ್ನು ತೆಗೆದುಕೊಂಡು ಗುಡ್ಡೆ ಹತ್ತುವುದನ್ನು ನಾನು ನಮ್ಮ ಅಂಗಳದಿಂದ ನೋಡಿದೆ. ಜಾಗ ಎಲ್ಲಿ ಎಂದು ಅವಳಿಗೆ ಅದುವರೆಗೂ ಯಾರೂ ತೋರಿಸಿರಲಿಲ್ಲ. ಕೆಳಗೆ ಬೋಜಪ್ಪ ನಿಂತು, ನಿಧಾನ, ಕಲ್ಲು ಉಂಟು, ನಿಧಾನ ಎಂದು ಹೇಳುತ್ತಲೇ ಇದ್ದರು. ಗೇರುಮರದ ಅಡಿ ತರಗೆಲೆ ಗುಡಿಸಿ, ಹೊದಿಕೆಯನ್ನು ಮಣ್ಣಿನ ಮೇಲೆ ಸ್ವಲ್ಪ ಹೊತ್ತು ಹಾಸಿದ್ದರಂತೆ. ಅಲ್ಲಿ ಏನು ಮಾತಾಡಿದರು ಎಂದು ಪೂವಮ್ಮ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ, ನಂಬುವವರು ನಂಬಿ.

ಹೊದಿಕೆಯನ್ನು ಅಲ್ಲಿ ಬಿಡಲಿಲ್ಲ, ಹಿಂದೆ ತಂದರು. ದೊಡ್ಡ ಮಗುವಿನದ್ದು ಎಂದ ಮೇಲೆ ಮನೆಯಲ್ಲೇ ಇರಬೇಕಲ್ಲ. ಹೆರಿಗೆಯವರೆಗೂ ಬೆಳಗಿನ ಹೊತ್ತು ಭವಿತಾ ಜಗಲಿಯಲ್ಲಿ ಬಿಸಿಲು ಕಾಯಿಸುವಾಗ ಅದನ್ನು ಹೊಟ್ಟೆಯ ಮೇಲೆ ಹೊದ್ದು ಕೂರುತ್ತಿದ್ದಳು. ವಾರಕ್ಕೊಮ್ಮೆ ಪೂವಮ್ಮ ಅದನ್ನು ಅಂಟುವಾಳದ ನೀರಿನಲ್ಲಿ ಅದ್ದಿ ಒಗೆಯುತ್ತಿದ್ದರು. ಹಸಿರು ಮಾಸಿತು, ಬಟ್ಟೆ ಮೆತ್ತಗಾಯಿತು. ಇಬ್ಬರಲ್ಲೂ ಮಾತು ಶುರುವಾಗಿತ್ತು. ಉಳಿದವರ ಹೊದಿಕೆಗಳೂ ಒಂದೊಂದಾಗಿ ಹೊಲಿದು ಹೋದವು, ಬೋಜಪ್ಪನ ಬಾಯಲ್ಲಿದ್ದ ಬೆನ್ನುನೋವು ಗುಣವಾಯಿತು. ಆದರೆ ಹೆದರಿಕೆ ಕಡಿಮೆಯಾಯಿತು ಎಂದು ಹೇಳಲಾರೆ. ಬಾಗಿಲ ಮರೆಯಲ್ಲಿ ನಿಂತು ಕೇಳುವುದನ್ನು ಬಿಟ್ಟು ಪೂವಮ್ಮ ಈಗ ನೇರವಾಗಿ ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಅಲುಗ್ತಾ ಉಂಟಾ ಎಂದು. ಉಂಟು ಎಂದು ಭವಿತಾ ಅವರ ಕೈ ಹಿಡಿದು ಹೊಟ್ಟೆಯ ಮೇಲೆ ಇಡುತ್ತಿದ್ದಳು.

ಧನು ತಿಂಗಳ ಒಂದು ಬೆಳಿಗ್ಗೆ ಸುಳ್ಯದ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು. ಕೂಗಿದ್ದು ಹೊರಗೆ ನಿಂತವರಿಗೆಲ್ಲ ಕೇಳಿತಂತೆ. ಉಲ್ಲಾಸ್ ಫೋನಿನಲ್ಲಿ ನನಗೆ ಸುದ್ದಿ ಹೇಳಲು ಹೊರಟು, ಹೇಳಲಾಗದೆ ಅಪ್ಪನ ಕೈಗೆ ಕೊಟ್ಟ. ಬೋಜಪ್ಪನೂ ಹೇಳಲಾಗದೆ ನರ್ಸಿನ ಕೈಗೆ ಕೊಟ್ಟರು. ಕಡೆಗೆ ಮುಖ ನೋಡದ ಯಾರೋ ಹುಡುಗಿ, ಗಂಡು ಮಗು ಅಮ್ಮ, ಇಬ್ಬರೂ ಆರಾಮ ಎಂದಳು.

ತೊಟ್ಟಿಲಿಗೆ ಹಾಕುವ ದಿನ ಮನೆತುಂಬ ಜನ. ನನಗೆ ಕೊಟ್ಟ ಕೆಲಸ ಬಂದವರಿಗೆ ಕಷಾಯ ಕೊಡುವುದು. ತೊಟ್ಟಿಲ ಸುತ್ತ ಹೆಂಗಸರು. ಭವಿತಾ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು, ಕಿವಿಗೆ ಬಟ್ಟೆ ಕಟ್ಟಿಕೊಂಡು. ಕಡಬದಿಂದ ಬೋಜಪ್ಪನ ಅಕ್ಕ ಬಂದಿದ್ದರು. ಒಳ್ಳೆಯ ಹೆಂಗಸು, ಕಪಟವಿಲ್ಲ, ಬಾಯಿಗೆ ಬಾಗಿಲೂ ಇಲ್ಲ. ಮಗುವಿನ ಗಲ್ಲ ಸವರಿ, ಚೊಚ್ಚಲದ್ದೇ ಗಂಡು, ಪುಣ್ಯ ಮಾಡಿದ್ದೀರಿ ಎಂದು ಹೊಗಳಿದರು. ಅವರಿಗೆ ಎರಡು ವರ್ಷದ ಹಿಂದಿನದು ಗೊತ್ತಿರಲಿಲ್ಲವೆಂದಲ್ಲ. ಒಳ್ಳೆಯ ದಿನ ಅದನ್ನು ಬಿಟ್ಟು ಮಾತಾಡುವುದೇ ಮರ್ಯಾದೆ ಎಂದು ಎಲ್ಲರ ಹಾಗೆ ಅವರೂ ತಿಳಿದಿದ್ದರು.

ಭವಿತಾಳ ಮುಖ ಬಾಗಿದ್ದನ್ನು ನಾನು ನೋಡಿದೆ. ಪೂವಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ತೊಟ್ಟಿಲ ತಲೆಯ ಕಡೆ ನಿಂತಿದ್ದರು. ಆ ಮಗು ಹೋದ ಮೇಲೆ ಅವರ ಮನೆಯ ಮೊದಲ ಶುಭಕಾರ್ಯ, ಮನೆತುಂಬ ನೆಂಟರು. ಅವರು ಸುಮ್ಮನಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

"ಚೊಚ್ಚಲದ್ದು ಅಲ್ಲ ಅತ್ತಿಗೆ" ಎಂದರು ಪೂವಮ್ಮ. ದೊಡ್ಡ ದನಿಯೇನಲ್ಲ, ಆದರೆ ಮೂಲೆಯಲ್ಲಿ ನಿಂತ ನನಗೂ ಕೇಳುವಷ್ಟು. "ಇದು ಎರಡನೇದು. ಮೊದಲನೇದು ಹೆಣ್ಣು. ಅವಳು ಗುಡ್ಡೆಯಲ್ಲಿ ಗೇರುಮರದ ಅಡಿ ಇದ್ದಾಳೆ. ಇವ ಹೊದ್ದದ್ದು ಅವಳದ್ದೇ."

ಬೋಜಪ್ಪನ ಅಕ್ಕ ಮಗುವಿನ ಮೇಲಿದ್ದ ಹೊದಿಕೆಯ ಅಂಚನ್ನು ಮುಟ್ಟಿ ನೋಡಿ, ಕೈ ಹಿಂದೆ ತೆಗೆದುಕೊಂಡರು. ಆಗ ಭವಿತಾ ಅತ್ತಳು. ಬಿಕ್ಕಿ ಬಿಕ್ಕಿ ಅಲ್ಲ, ಬಾಯಿ ಬಿಟ್ಟು, ಮನೆ ಕೇಳುವ ಹಾಗೆ. ಬಾಣಂತಿ ಅಳಬಾರದು, ಹಾಲು ಬತ್ತುತ್ತದೆ ಎಂದು ಇಬ್ಬರು ಹೆಂಗಸರು ಸಮಾಧಾನ ಮಾಡಲು ಓಡಿದರು.

ಪೂವಮ್ಮ ತಟ್ಟೆ ಕೆಳಗಿಟ್ಟು ಅವರಿಗೆ ಅಡ್ಡ ನಿಂತರು.

"ಬಿಡಿ, ಅಳಲಿ" ಎಂದರು. "ನಾನು ಬಿಟ್ಟಿರಲಿಲ್ಲ."